ಮಜೂರಿಯಲ್ಲಿ ಕಳೆದ ಇಪ್ಪತ್ತೆರಡು ವರ್ಷ: ಧ್ರುವ ಸ್ಟುಡಿಯೊ ಬಿಟ್ಟುಹೋದದ್ದೇನು?

2019ರ ಮೇ ತಿಂಗಳಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ, ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ತನಗಿದ್ದ ಶೇ 91.82ರಷ್ಟು ಪಾಲನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರಿಗೆ ಮಾರುವುದಾಗಿ ಪ್ರಕಟಿಸಿತು. ಆ ಸ್ಟುಡಿಯೊ ಧ್ರುವ ಇಂಟರ್‌ಆ್ಯಕ್ಟಿವ್. 1997ರಲ್ಲಿ ರಾಜೇಶ್ ರಾವ್ ಕಟ್ಟಿದ್ದು. ಭಾರತದ ಅತಿ ಹಳೆಯ ಗೇಮ್ ಸ್ಟುಡಿಯೊ ಎಂದು ಹೆಸರಾಗಿದ್ದು. ಅಲ್ಲಿದ್ದ ಕಲಾವಿದರು ಬೆಂಗಳೂರಿನಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾ ತಂಡಕ್ಕೆ ಸೇರಿಕೊಂಡರು. ಬಾಗಿಲಿಗೆ ಬೀಗ ಬೀಳಲಿಲ್ಲ, ಗೇಟಿನ ಮುಂದೆ ಧರಣಿ ನಡೆಯಲಿಲ್ಲ. ಧ್ರುವ ಎಂಬ ಹೆಸರು ಮಾತ್ರ ಇಲ್ಲವಾಯಿತು.

ಗೇಮ್ ಸ್ಟುಡಿಯೊಗಳು ಮುಚ್ಚುವುದು ಜಗತ್ತಿನಲ್ಲಿ ಹೊಸದೇನಲ್ಲ. ಜಪಾನಿನಲ್ಲಂತೂ ಮುಚ್ಚಿಹೋದ ಸ್ಟುಡಿಯೊಗಳ ಚರಿತ್ರೆ ಬರೆಯುವುದೇ ಒಂದು ಪ್ರತ್ಯೇಕ ಹವ್ಯಾಸ. ಕೇಳಬೇಕಾದ ಪ್ರಶ್ನೆ ಬೇರೆಯದು: ಸ್ಟುಡಿಯೊ ಮುಗಿದ ಮೇಲೆ ಏನು ಉಳಿಯುತ್ತದೆ? ಯಾರ ಬಳಿ ಉಳಿಯುತ್ತದೆ? ಈ ಪ್ರಶ್ನೆಯನ್ನು ಹಿಡಿದು ಜಪಾನನ್ನೂ ಬೆಂಗಳೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ರಾಜ್ಯದ ಗೇಮ್ ಉದ್ಯಮದ ಬಲ ಎಲ್ಲಿದೆ, ಬಡತನ ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಕ್ಯಾಸೆಟ್ಟಿನೊಳಗಿದ್ದ ಜಪಾನ್

ತೊಂಬತ್ತರ ದಶಕದಲ್ಲಿ ಚಳ್ಳಕೆರೆ, ಮೊಳಕಾಲ್ಮುರು, ಕೊಂಡ್ಲಹಳ್ಳಿಯಂಥ ಊರುಗಳ ಹುಡುಗರಿಗೆ ವಿಡಿಯೊ ಗೇಮ್ ಎಂದರೆ ಟಿವಿಗೆ ಜೋಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ರಿಮೋಟು, ಮೇಲೆ ಸಿಕ್ಕಿಸುವ ಒಂದು ಕ್ಯಾಸೆಟ್. ಕರೆಂಟ್ ಇದ್ದಷ್ಟು ಹೊತ್ತು ಆಟ. ಆ ಪೆಟ್ಟಿಗೆಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು, ಸಾವಿರಾರು ಆಟ ಇವೆ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತಿತ್ತು. ಒಳಗೆ ನೋಡಿದರೆ ಅವೇ ಹತ್ತಿಪ್ಪತ್ತು ಆಟಗಳು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ನಕಲು ಮಾಡಿದವರು ಅನೇಕ ಆಟಗಳ ಮೊದಲ ಪರದೆಯಿಂದ ಕಂಪನಿಯ ಹೆಸರನ್ನೇ ಅಳಿಸಿದ್ದರು. ಹೀಗಾಗಿ ಕಾಂಟ್ರಾ ಮಾಡಿದ್ದು ಕೊನಾಮಿ, ಟ್ಯಾಂಕಿನ ಆಟ ಮಾಡಿದ್ದು ನಾಮ್ಕೊ ಎಂಬುದು ಆಡಿದವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ.

ಆ ಕ್ಯಾಸೆಟ್ಟುಗಳಲ್ಲಿ ಪದೇ ಪದೇ ಕಾಣುತ್ತಿದ್ದ ಇನ್ನೊಂದು ಕಂಪನಿ ಹಡ್ಸನ್ ಸಾಫ್ಟ್. ಎಲೆಯ ಲಂಗೋಟಿ ಕಟ್ಟಿ, ಟೋಪಿ ಹಾಕಿ, ಕಲ್ಲಿನ ಕೊಡಲಿ ಎಸೆಯುತ್ತ ಓಡುವ ಅಡ್ವೆಂಚರ್ ಐಲ್ಯಾಂಡ್, ಇಟ್ಟಿಗೆ ಗೋಡೆಗಳ ನಡುವೆ ಬಾಂಬ್ ಇಟ್ಟು ಓಡುವ ಬಾಂಬರ್‌ಮ್ಯಾನ್, ಏಣಿ ಹತ್ತಿ ನೆಲ ಕೊರೆದು ಚಿನ್ನ ಹೆಕ್ಕುವ ಲೋಡ್ ರನ್ನರ್ ನಮ್ಮಲ್ಲಿಗೆ ಬಂದದ್ದು ಹಡ್ಸನ್ ಮಾಡಿದ ರೂಪದಲ್ಲೇ.

ಹಡ್ಸನ್ ಹುಟ್ಟಿದ್ದು 1973ರಲ್ಲಿ, ಜಪಾನಿನ ಉತ್ತರದ ಸಪ್ಪೊರೊ ನಗರದಲ್ಲಿ. ಯೂಜಿ ಮತ್ತು ಹಿರೋಶಿ ಕುಡೊ ಎಂಬ ಅಣ್ಣತಮ್ಮಂದಿರು ಹವ್ಯಾಸಿ ರೇಡಿಯೊ ಸಾಮಾನು ಮಾರುವ ಅಂಗಡಿ ತೆರೆದು, ತಮಗೆ ಇಷ್ಟವಾದ ಉಗಿಬಂಡಿಯ ಹೆಸರನ್ನು ಅದಕ್ಕೆ ಇಟ್ಟರು. ಅಂಗಡಿ ಮುಂದೆ ಕಂಪ್ಯೂಟರಿನ ಕಡೆಗೆ ತಿರುಗಿತು. 1984ರಲ್ಲಿ ಫ್ಯಾಮಿಕಾಮ್‌ಗೆ ಆಟ ಮಾಡಿಕೊಟ್ಟ ಮೊದಲ ಹೊರಗಿನ ಕಂಪನಿ ಇದೇ ಆಯಿತು. ಲೋಡ್ ರನ್ನರ್ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 1987ರಲ್ಲಿ ಎನ್‌ಇಸಿ ಜೊತೆ ಸೇರಿ ಪಿಸಿ ಎಂಜಿನ್ ಎಂಬ ಸ್ವಂತ ಆಟದ ಯಂತ್ರವನ್ನೇ ತಂದಿತು.

ಬಿದ್ದದ್ದು ಆಟ ಕೆಟ್ಟು ಅಲ್ಲ, ಬ್ಯಾಂಕ್ ಕೆಟ್ಟು. 1997ರ ನವೆಂಬರಿನಲ್ಲಿ ಹೊಕ್ಕೈಡೊ ಟಕುಶೊಕು ಬ್ಯಾಂಕ್ ಕುಸಿದಾಗ ಅದನ್ನೇ ನೆಚ್ಚಿಕೊಂಡಿದ್ದ ಹಡ್ಸನ್‌ಗೆ ಸಾಲದ ದಾರಿ ಮುಚ್ಚಿತು. ಕಂಪನಿ ಷೇರುಪೇಟೆಗೆ ಇಳಿಯಿತು, ಕೊನಾಮಿ ಪಾಲು ಕೊಂಡಿತು, 2005ರಲ್ಲಿ ಬಹುಪಾಲು ತನ್ನದಾಗಿಸಿಕೊಂಡಿತು. 2012ರ ಮಾರ್ಚ್ 1ರಂದು ಹಡ್ಸನ್ ಕೊನಾಮಿಯಲ್ಲಿ ಕರಗಿಹೋಯಿತು. ಬಾಂಬರ್‌ಮ್ಯಾನ್ ಕರಗಲಿಲ್ಲ, ಹಕ್ಕು ಕೊಂಡ ಕೊನಾಮಿ ಅದೇ ಹೆಸರಲ್ಲಿ ಹೊಸ ಆಟಗಳನ್ನು ತರುತ್ತಲೇ ಇದೆ.

ಉಳಿದವರ ಕತೆಗಳೂ ಬಹಳ ದೂರದವಲ್ಲ. 1981ರಲ್ಲಿ ಶುರುವಾದ ಟೆಕ್ನೊಸ್ ಜಪಾನ್, ಡಬಲ್ ಡ್ರ್ಯಾಗನ್ ಎಂಬ ಹೊಡೆದಾಟದ ಆಟವನ್ನು 1987ರಲ್ಲಿ ಕೊಟ್ಟು 1996ರಲ್ಲಿ ದಿವಾಳಿಯಾಯಿತು. ಆಟದ ಹಕ್ಕು ಕೈ ಬದಲಾಯಿಸಿ 2015ರಲ್ಲಿ ಆರ್ಕ್ ಸಿಸ್ಟಮ್ ವರ್ಕ್ಸ್ ಪಾಲಾಯಿತು. ಹಿರೋಶಿಮಾದ ಕಂಪೈಲ್ ಕಂಪನಿ ಪುಯೊ ಪುಯೊ ಆಟದ ಗೆಲುವಿನಲ್ಲಿ ಕೈಮೀರಿ ಹರಡಿಕೊಂಡಿತು, ಥೀಮ್ ಪಾರ್ಕ್ ಕಟ್ಟುವ ಯೋಚನೆಯವರೆಗೂ ಹೋಯಿತು. ಹಣ ತೀರಿದಾಗ 1998ರಲ್ಲಿ ಆ ಆಟವೇ ಸೆಗಾ ಕಂಪನಿಯ ಕೈಸೇರಿತು. ಕ್ಯಾಪ್‌ಕಾಮ್‌ನ ಕ್ಲೋವರ್ ಸ್ಟುಡಿಯೊ ಬದುಕಿದ್ದು 2004ರಿಂದ 2007ರವರೆಗೆ ಮಾತ್ರ. ಅಷ್ಟರಲ್ಲಿ ಅದು ಮಾಡಿದ ಓಕಾಮಿ ಎಷ್ಟು ಗಟ್ಟಿಯಾಗಿ ಜನರ ಮನಸ್ಸಿನಲ್ಲಿ ನಿಂತಿತೆಂದರೆ, 2024ರ ಡಿಸೆಂಬರಿನಲ್ಲಿ ಅದರ ಮುಂದಿನ ಭಾಗ ಪ್ರಕಟವಾದಾಗ ನಿರ್ದೇಶಕ ಹಿದೆಕಿ ಕಮಿಯಾ ತಮ್ಮ ಹೊಸ ಸ್ಟುಡಿಯೊಗೆ ಕ್ಲೋವರ್ಸ್ ಎಂದೇ ಹೆಸರಿಟ್ಟಿದ್ದರು.

ಇವೆಲ್ಲದರಲ್ಲೂ ಒಂದು ಸಮಾನ ಅಂಶ ಇದೆ. ಸ್ಟುಡಿಯೊಗೆ ಸ್ವಂತದ ಆಟ ಇತ್ತು. ಸ್ಟುಡಿಯೊ ಹೋದಾಗ ಆ ಆಟ ಆಸ್ತಿಯಾಗಿ ಉಳಿಯಿತು. ಮಾರಿದರು, ಕೊಂಡರು, ಮತ್ತೆ ಮಾಡಿದರು. ಬಾಂಬರ್‌ಮ್ಯಾನ್ ಯಾರದು ಎಂದರೆ ಇವತ್ತಿಗೂ ಹಡ್ಸನ್ ಹೆಸರು ಹೇಳುವವರಿದ್ದಾರೆ.

ಮಿಷನ್ ಇಂಪಾಸಿಬಲ್‌ನಿಂದ ಮಜೂರಿಗೆ

ಧ್ರುವ ಶುರುವಾದ 1997, ಹಡ್ಸನ್ ನೆಚ್ಚಿದ ಬ್ಯಾಂಕ್ ಮುಳುಗಿದ ವರ್ಷವೇ. ಆಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂದರೆ ವೈ2ಕೆ ತಿದ್ದುಪಡಿ ಮತ್ತು ಬ್ಯಾಂಕುಗಳ ಲೆಕ್ಕಪತ್ರ. ಕಂಪ್ಯೂಟರಿನಲ್ಲಿ ಆಟ ಮಾಡಿ ಸಂಬಳ ಎಣಿಸುತ್ತೇವೆ ಎಂದರೆ ಹುಡುಗಾಟ ಅನ್ನುವ ಕಾಲ. ಆದರೂ ಮರುವರ್ಷವೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿ, ಮಿಷನ್ ಇಂಪಾಸಿಬಲ್ ಆಟದ ಪಿಸಿ ಆವೃತ್ತಿಯ ಕೆಲಸವನ್ನು ಧ್ರುವಕ್ಕೆ ಕೊಟ್ಟಿತು. ಆ ಆಟ ನಿಂಟೆಂಡೊ 64 ಮತ್ತು ಪ್ಲೇಸ್ಟೇಷನ್ ಯಂತ್ರಗಳಲ್ಲಿ ಬಂತು. ಪಿಸಿ ಆವೃತ್ತಿ ಮಾತ್ರ ಬೆಳಕು ಕಾಣಲಿಲ್ಲ. ಹೊರಗಿನವರು ಕೈಬಿಟ್ಟರೆ ನಮ್ಮ ಶ್ರಮಕ್ಕೆ ರೂಪವೇ ಇಲ್ಲ ಎಂಬ ಪಾಠ ಮೊದಲ ದೊಡ್ಡ ಕೆಲಸದಲ್ಲೇ ಸಿಕ್ಕಿತು.

ಸ್ವಂತದ್ದು ಮಾಡಬೇಕೆಂಬ ಆಸೆ ಧ್ರುವಕ್ಕೆ ಇರಲಿಲ್ಲವೆಂದಲ್ಲ. ಮೊಬೈಲ್ ಗೇಮ್‌ಗಳಿಗಾಗಿ ಚಾರ್ಲಿ ಚಾಪ್ಲಿನ್ ಚಿತ್ರ ಬಳಸುವ ಹಕ್ಕನ್ನು ಅದು ಖರೀದಿಸಿತು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರ ತಮ್ಮ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಅವರ ಕತೆಗೆ ಜಾಗ ಕೊಟ್ಟದ್ದು ಈ ಧೈರ್ಯಕ್ಕಾಗಿಯೇ: ಬೆಂಗಳೂರಿನ ಸಣ್ಣ ಕಂಪನಿಯೊಂದು ಹಾಲಿವುಡ್ಡಿನ ನಟನ ಮುಖವನ್ನೇ ಕೊಂಡುಕೊಂಡಿದೆ ಎಂಬ ಬೆರಗು.

ಆದರೆ ಬೆರಗಿನಿಂದ ಸಂಬಳ ಹುಟ್ಟುವುದಿಲ್ಲ. ಆ ಕಾಲದಲ್ಲಿ ದೇಶದೊಳಗೆ ಗೇಮ್ ಕೊಳ್ಳುವವರೇ ಕಡಿಮೆ. ಬೆಂಗಳೂರಿನ ಎಸ್‌.ಪಿ. ರೋಡ್, ನ್ಯಾಷನಲ್ ಮಾರ್ಕೆಟ್‌ಗಳಲ್ಲಿ ನಕಲಿ ಸಿಡಿ ಪುಡಿಗಾಸಿಗೆ ಸಿಗುವಾಗ ಅಸಲಿಗೆ ಸಾವಿರ ರೂಪಾಯಿ ಯಾರು ಕೊಡುತ್ತಾರೆ? ಆಟಕ್ಕೆ ಹಣ ಹಾಕುವ ಪ್ರಕಾಶಕರೂ ಇಲ್ಲಿರಲಿಲ್ಲ, ವರ್ಷಗಟ್ಟಲೆ ಕಾಯುವ ಹೂಡಿಕೆದಾರರೂ ಇರಲಿಲ್ಲ. ಧ್ರುವ ನಿಧಾನವಾಗಿ ಹೊರಗಿನವರ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವ ಸ್ಟುಡಿಯೊ ಆಯಿತು. ಮೈಕ್ರೊಸಾಫ್ಟ್, ಎಲೆಕ್ಟ್ರಾನಿಕ್ ಆರ್ಟ್ಸ್, ಯೂಬಿಸಾಫ್ಟ್‌ನಂಥವರು ಗಿರಾಕಿಗಳಾದರು. ಮೈಕ್ರೊಸಾಫ್ಟ್‌ನ ಫೋರ್ಜಾ ಕಾರ್ ರೇಸ್ ಸರಣಿಯ ಕಾರುಗಳನ್ನು ರೂಪಿಸಿದವರಲ್ಲಿ ಧ್ರುವದ ಕಲಾವಿದರೂ ಇದ್ದರು.

ಒಂದು ಹೆಡ್‌ಲೈಟಿನ ಕೆಲಸ

ಈ ಕೆಲಸ ಎಂಥದ್ದು ಎಂಬುದನ್ನು ಹತ್ತಿರದಿಂದ ನೋಡಬೇಕು. ರೇಸ್ ಗೇಮ್‌ನ ಒಂದು ಕಾರನ್ನು ತೆಗೆದುಕೊಳ್ಳಿ. ಕಾರು ಕಂಪನಿಯ ನಕ್ಷೆ, ಎಲ್ಲ ಕೋನಗಳಿಂದ ತೆಗೆದ ಫೋಟೊಗಳು ಕಲಾವಿದನ ಮುಂದೆ ಬರುತ್ತವೆ. ಹೆಡ್‌ಲೈಟ್ ಒಂದನ್ನೇ ನೋಡಿದರೂ ಅದರ ಹೊರಗಾಜು, ಒಳಗಿನ ಕನ್ನಡಿಯ ಬಟ್ಟಲು, ಬಲ್ಬು, ಅಂಚಿನ ರಬ್ಬರು, ಮೂಲೆಯ ಪುಟ್ಟ ಅಕ್ಷರಗಳು, ಎಲ್ಲವನ್ನೂ ಬೇರೆ ಬೇರೆ ಕಟ್ಟಬೇಕು. ಗಾಜಿನ ದಪ್ಪ ಒಂದಿಷ್ಟು ತಪ್ಪಿದರೂ ಬೆಳಕು ಬಿದ್ದಾಗ ಅದು ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಮೇಲ್ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿ ಬಣ್ಣ, ಹೊಳಪು, ಗೀರುಗಳನ್ನು ತುಂಬಬೇಕು. ಆಮೇಲೆ ಅದೇ ಕಾರಿನ ಹಗುರ ಪ್ರತಿಗಳನ್ನು ಒಂದರ ಕೆಳಗೊಂದು ತಯಾರಿಸಬೇಕು. ಹತ್ತಿರ ಬಂದಾಗ ಒಂದು, ದೂರ ಹೋದಾಗ ಇನ್ನೊಂದು. ಆಟಗಾರ ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡುವಾಗ ಈ ಬದಲಾವಣೆ ಅವನ ಕಣ್ಣಿಗೆ ಬೀಳಬಾರದು.

ಮುಗಿದ ಕೆಲಸ ಗಿರಾಕಿಗೆ ಹೋಗುತ್ತದೆ. ಬಾನೆಟ್ಟಿನ ಬಳುಕು ಸರಿಯಿಲ್ಲ, ಸೀಟಿನ ಹೊಲಿಗೆಯ ಅಂತರ ಹೆಚ್ಚಾಯಿತು ಎಂಬ ಗುರುತುಗಳೊಂದಿಗೆ ವಾಪಸ್ಸಾಗುತ್ತದೆ. ತಿದ್ದಿ ಕಳಿಸಬೇಕು. ಒಪ್ಪಿಗೆಯಾದ ಮೇಲೆ ದುಡ್ಡು. ಆಟ ಮಾರುಕಟ್ಟೆಗೆ ಬರುವವರೆಗೆ ಅದರ ಒಂದು ಚಿತ್ರವನ್ನೂ ಹೊರಗೆ ತೋರಿಸುವಂತಿಲ್ಲ ಎಂಬ ಕರಾರಿಗೆ ಸಹಿ ಹಾಕಿರಬೇಕು. ಆಟ ಕೋಟಿ ಪ್ರತಿ ಮಾರಾಟವಾದರೂ ಕಾರು ಮಾಡಿದವರಿಗೆ ಸಿಗುವುದು ಮೊದಲೇ ಗೊತ್ತಾದ ಮೊತ್ತ.

ಮೊಳಕಾಲ್ಮುರಿನ ಮಗ್ಗದ ಮನೆಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಹೊಸದಲ್ಲ. ರೇಷ್ಮೆಯೂ ಜರಿಯೂ ಮಾಲೀಕನದು, ಮಗ್ಗವೂ ಮೈಯೂ ನೇಕಾರನದು, ಸೀರೆಗಿಷ್ಟು ಎಂದು ಮಜೂರಿ. ಸೀರೆ ಬೆಂಗಳೂರಿನ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತು ಎಂಬುದು ನೇಯ್ದವನ ಲೆಕ್ಕಕ್ಕೆ ಬರುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ, ಅದು ಸಣ್ಣದಲ್ಲ: ನೇಕಾರನ ಹೆಸರು ಇಲ್ಲದಿದ್ದರೂ ಊರಿನ ಹೆಸರು ಸೀರೆಯ ಮೇಲಿದೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಫೋರ್ಜಾದ ಕಾರಿನ ಮೇಲೆ ಬೆಂಗಳೂರಿನ ಹೆಸರು ಎಲ್ಲೂ ಇಲ್ಲ.

ಎರಡು ಮಾರಾಟಗಳು ಹೇಳುವ ಬೆಲೆ

2016ರ ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್, ಧ್ರುವದ ಶೇ 90.5ರಷ್ಟು ಪಾಲನ್ನು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗ ಧ್ರುವದಲ್ಲಿ 300ಕ್ಕೂ ಹೆಚ್ಚು ಜನ ಇದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟಾರ್‌ಬ್ರೀಜ್‌ಗೇ ಕಷ್ಟ ಬಂತು. 2018ರ ನವೆಂಬರಿನಲ್ಲಿ ಅದು ಬಿಡುಗಡೆ ಮಾಡಿದ ವಾಕಿಂಗ್ ಡೆಡ್ ಆಟ ನೆಲಕಚ್ಚಿತು, ಡಿಸೆಂಬರಿನಲ್ಲಿ ಕಂಪನಿ ಸ್ವೀಡನ್ನಿನ ನ್ಯಾಯಾಲಯದ ಮುಂದೆ ಪುನರ್ರಚನೆಗೆ ಅರ್ಜಿ ಹಾಕಿತು. ಸಾಲ ತೀರಿಸಲು ಮನೆಯ ಒಡವೆ ಮಾರುವಾಗ ಧ್ರುವವೂ ಮಾರಾಟವಾಯಿತು. ಬೆಂಗಳೂರಿನ ಕಲಾವಿದರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಸ್ಟಾಕ್‌ಹೋಮ್‌ನ ಒಂದು ಆಟ ಓಡದಿದ್ದುದಕ್ಕೆ ಇಲ್ಲಿನ ಸ್ಟುಡಿಯೊ ಕೈ ಬದಲಾಯಿಸಿತು.

ಪಾಲಿನ ಲೆಕ್ಕದಲ್ಲಿ ನೋಡಿದರೆ ಇಡೀ ಧ್ರುವದ ಬೆಲೆ 2016ರಲ್ಲಿ ಸುಮಾರು 94 ಲಕ್ಷ ಡಾಲರ್, 2019ರಲ್ಲಿ ಸುಮಾರು 86 ಲಕ್ಷ. ಇದರ ಪಕ್ಕದಲ್ಲಿ ಬೆಂಗಳೂರಿನದೇ ಮತ್ತೊಂದು ಮಾರಾಟವನ್ನು ಇಡೋಣ. ಅಮೆರಿಕದ ಜಿಂಗಾ ಕಂಪನಿ 2010ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅಲ್ಲಿ ಪಳಗಿದ ಕೆಲವರು ಹೊರಬಂದು 2013ರಲ್ಲಿ ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿದರು. ತೀನ್ ಪತ್ತಿ ಗೋಲ್ಡ್ ಎಂಬ ಅವರ ಇಸ್ಪೀಟಿನ ಆಟ ಮೊಬೈಲ್‌ಗಳಲ್ಲಿ ಭರ್ಜರಿಯಾಗಿ ಓಡಿತು. 2021ರಲ್ಲಿ ಸ್ಟಿಲ್‌ಫ್ರಂಟ್ ಎಂಬ ಕಂಪನಿ, ಅದೂ ಸ್ವೀಡನ್ನಿನದೇ, ಮೂನ್‌ಫ್ರಾಗ್‌ನ ಶೇ 91ರಷ್ಟು ಪಾಲಿಗೆ ಕೊಟ್ಟದ್ದು 9 ಕೋಟಿ ಡಾಲರ್. ಎಂಟು ವರ್ಷದ ಕಂಪನಿಗೆ, ಇಪ್ಪತ್ತು ವರ್ಷದ ಕಂಪನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಲೆ. ಕೈಚಳಕದಲ್ಲಿ ಧ್ರುವ ಹಿಂದೆ ಬಿದ್ದಿರಲಿಲ್ಲ. ಒಬ್ಬರ ಬಳಿ ದಿನವೂ ದುಡ್ಡು ತರುವ ಸ್ವಂತ ಆಟವಿತ್ತು, ಇನ್ನೊಬ್ಬರ ಬಳಿ ಕೆಲಸ ಬಲ್ಲ ಜನರಿದ್ದರು. ಮಾರುಕಟ್ಟೆ ಆಟಕ್ಕೆ ಬೆಲೆ ಕಟ್ಟಿತು.

ಸ್ವಂತ ಆಟದ ಅಪಾಯ, ಮಜೂರಿಯ ಅಪಾಯ

ಹಾಗೆಂದು ಮಜೂರಿಯನ್ನು ಹೀಗಳೆಯುವುದು ಅನ್ಯಾಯ. ಸ್ವಂತ ಆಟಕ್ಕೇ ಪಣ ತೊಟ್ಟವರ ಗತಿಯನ್ನೂ ನೋಡಬೇಕಲ್ಲ. ಹೈದರಾಬಾದಿನ ಎಫ್‌ಎಕ್ಸ್‌ಲ್ಯಾಬ್ಸ್ 2008ರಲ್ಲಿ ಗಜಿನಿ ಸಿನಿಮಾದ ಮೇಲೊಂದು ಆಟ, ಅಗ್ನಿ ಎಂಬ ಇನ್ನೊಂದು ಆಟ ತಂದು ದೇಶದ ಗಮನ ಸೆಳೆಯಿತು; ಹೆಚ್ಚು ಕಾಲ ಬಾಳಲಿಲ್ಲ. 1999ರಲ್ಲಿ ಶುರುವಾಗಿ ಮೊಬೈಲ್ ಗೇಮ್‌ಗಳಲ್ಲಿ ದೊಡ್ಡ ಹೆಸರು ಮಾಡಿದ ಮುಂಬೈಯ ಇಂಡಿಯಾಗೇಮ್ಸ್ ಯುಟಿವಿಯ ಮೂಲಕ ಡಿಸ್ನಿಯ ಕೈಸೇರಿತು; 2016ರಲ್ಲಿ ಡಿಸ್ನಿ ಇಲ್ಲಿನ ಗೇಮ್ ವ್ಯವಹಾರವನ್ನೇ ಮುಚ್ಚಿತು. ಇವರ ನಡುವೆ ಧ್ರುವ ಇಪ್ಪತ್ತೆರಡು ವರ್ಷ ತಿಂಗಳ ಸಂಬಳ ಕೊಟ್ಟಿತು. ಬೆಂಗಳೂರಿನಲ್ಲಿ ಗೇಮ್ ಕಲೆ ಎಂಬ ಕಸುಬೇ ಇಲ್ಲದಿದ್ದಾಗ ಅದನ್ನು ಕಲಿಸಿತು. ರಾಜೇಶ್ ರಾವ್ ನಾಸ್ಕಾಮ್‌ನ ಗೇಮಿಂಗ್ ವೇದಿಕೆಯನ್ನು ಮುನ್ನಡೆಸಿ, ದೇಶದ ಗೇಮ್ ತಯಾರಕರು ವರ್ಷಕ್ಕೊಮ್ಮೆ ಸೇರುವ ಸಮಾವೇಶಕ್ಕೆ ಬುನಾದಿ ಹಾಕಿದರು. ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಲು ಸಾಧ್ಯವಾದದ್ದು ಇಂಥ ಕಲಿತ ಕೈಗಳು ಇಲ್ಲಿದ್ದುದರಿಂದ.

ಮಜೂರಿಯ ಕೆಟ್ಟ ಮುಖ ಕಂಡದ್ದು 2025ರ ಫೆಬ್ರುವರಿಯಲ್ಲಿ. ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಹಣವಿಲ್ಲದೆ ಕುಸಿದಾಗ ಬೆಂಗಳೂರು, ಮುಂಬೈಗಳಲ್ಲಿ ಸಿನಿಮಾ ದೃಶ್ಯಕಲೆ, ಅನಿಮೇಷನ್, ಗೇಮ್ ಕೆಲಸ ಮಾಡುತ್ತಿದ್ದ ಸಾವಿರಾರು ಮಂದಿ ಒಂದೇ ವಾರದಲ್ಲಿ ಬೀದಿಗೆ ಬಂದರು. ಹೊರದೇಶಗಳ ದೊಡ್ಡ ಸಿನಿಮಾ, ದೊಡ್ಡ ಆಟಗಳನ್ನು ತಿದ್ದಿ ತೀಡಿದವರು ಅವರು. ಕಂಪನಿ ಮುಳುಗಿದಾಗ ಅವರು ಮಾಡಿದ ಯಾವುದೂ ಅವರದಾಗಿರಲಿಲ್ಲ; ಮಾರಿ ಬಾಕಿ ಸಂಬಳ ತೀರಿಸಲು ಇಲ್ಲಿನ ಹೆಸರಿನಲ್ಲಿ ಒಂದು ಆಟವಾಗಲಿ, ಒಂದು ಪಾತ್ರವಾಗಲಿ ಇರಲಿಲ್ಲ. ಧ್ರುವದ ಕೊನೆ ಮೆತ್ತಗಾದದ್ದು, ಕೊಂಡುಕೊಳ್ಳಲು ಸಿರಿವಂತ ರಾಕ್‌ಸ್ಟಾರ್ ಬಂದ ಕಾರಣಕ್ಕೆ ಮಾತ್ರ.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ರಮ್ಮಿ ಆ್ಯಪ್‌ಗಳನ್ನು ನಡೆಸುತ್ತಿದ್ದ ಬೆಂಗಳೂರಿನ ಕಂಪನಿಗಳು ಆ ವ್ಯವಹಾರ ನಿಲ್ಲಿಸಿದವು. ಅದು ಬೇರೆಯೇ ದಂಧೆ. ಆದರೆ ಹಳ್ಳಿಯ ತಂದೆತಾಯಿಗೆ ಗೇಮ್ ಕಂಪನಿ ಎಂದರೆ ರಮ್ಮಿ ಆ್ಯಪ್ ಎಂದೇ ಗೊತ್ತಿರುವುದು. ಮಗ ಗೇಮ್ ಕಲೆ ಕಲಿಯುತ್ತೇನೆ ಎಂದರೆ ಜೂಜಿಗೆ ಬಿದ್ದ ಎಂದು ಹೆದರುವವರಿದ್ದಾರೆ. ಈ ಎರಡನ್ನೂ ಬಿಡಿಸಿ ಹೇಳುವ ಕೆಲಸ ಕನ್ನಡದಲ್ಲಿ ಇನ್ನೂ ಸರಿಯಾಗಿ ಆಗಿಲ್ಲ.

ನೀತಿ ಯಾವುದನ್ನು ಎಣಿಸುತ್ತದೆ

ಅನಿಮೇಷನ್, ಗೇಮ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಮೊದಲ ನೀತಿ 2012ರಲ್ಲಿ, ಎರಡನೆಯದು 2017ರಲ್ಲಿ, ಮೂರನೆಯದು 2024ರಲ್ಲಿ ಬಂತು. ಇದರಡಿ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆದಿದೆ, ಚಿತ್ರಕಲಾ ಶಾಲೆಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳನ್ನು ಮಾಡಲಾಗಿದೆ. ಇವು ನಿಜವಾದ ಕೆಲಸಗಳು. ಮೂರನೆಯ ನೀತಿಯ ಗುರಿ 30,000 ಹೊಸ ಉದ್ಯೋಗ, ಮತ್ತು ಕ್ಷೇತ್ರದ ಆದಾಯದಲ್ಲಿ ರಫ್ತಿನ ಪಾಲು ಶೇ 80.

ಈ ಎರಡನೆಯ ಅಂಕಿಯ ಹತ್ತಿರ ನಿಂತು ಯೋಚಿಸಬೇಕು. ರಫ್ತು ಎರಡು ಥರ. ನಮ್ಮ ಆಟವನ್ನು ಹೊರದೇಶದವರು ಕೊಂಡರೂ ರಫ್ತು, ಅವರ ಆಟಕ್ಕೆ ನಾವು ಹೆಡ್‌ಲೈಟ್ ಮಾಡಿಕೊಟ್ಟರೂ ರಫ್ತು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ. ಸ್ಟುಡಿಯೊ ಮುಚ್ಚಿದ ದಿನ ಮಾತ್ರ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಹಡ್ಸನ್ ಮುಚ್ಚಿದ ದಿನ ಬಾಂಬರ್‌ಮ್ಯಾನ್ ಉಳಿಯಿತು. ಧ್ರುವ ಮುಚ್ಚಿದ ದಿನ ಅದೇ ತೂಕದ ಯಾವುದೂ ಉಳಿಯಲಿಲ್ಲ.

ಹಾಗಾಗಿ ನೀತಿ ಎಣಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಕರ್ನಾಟಕದಲ್ಲಿ ನೋಂದಾಯಿತ ಕಂಪನಿಗಳ ಹೆಸರಲ್ಲೇ ಹಕ್ಕು ಇರುವ ಆಟಗಳು ವರ್ಷಕ್ಕೆ ಎಷ್ಟು ಬಂದವು ಎಂಬುದು. ಸಹಾಯಧನದ ಒಂದು ಪಾಲನ್ನು ಇದಕ್ಕೆ ಕಟ್ಟಬೇಕು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ರಾಜಿ ಎಂಬ ಆಟ ತಂದು, ಭಾರತದ ಕತೆ ಭಾರತದ ಹೆಸರಲ್ಲೇ ಹೊರಗೆ ಹೋಗಬಲ್ಲದು ಎಂದು ತೋರಿಸಿದೆ. ಎರಡನೆಯದು, ಹೊರಗುತ್ತಿಗೆ ಕೆಲಸ ಮಾಡಿದ ಕಲಾವಿದರ ಹೆಸರು ಆಟದ ಕೊನೆಯ ಪಟ್ಟಿಯಲ್ಲಿ ಬರಬೇಕೆಂಬ ಷರತ್ತು. ಸರ್ಕಾರದ ರಿಯಾಯಿತಿ ಪಡೆಯುವ ಸ್ಟುಡಿಯೊಗಳು ತಮ್ಮ ಕರಾರಿನಲ್ಲಿ ಇದನ್ನು ಸೇರಿಸಲಿ. ಇದಕ್ಕೆ ಖರ್ಚಿಲ್ಲ, ಮುಂದಿನ ಕೆಲಸ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಆಸ್ತಿಯೂ ಇಲ್ಲ. ಮೂರನೆಯದು, ಮುಚ್ಚಿದ ಸ್ಟುಡಿಯೊಗಳ ದಾಖಲೆ. ಧ್ರುವದಲ್ಲಿ ಮೊದಲ ದಿನಗಳಲ್ಲಿ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಅವರ ನೆನಪುಗಳನ್ನು, ಹಳೆಯ ಫೈಲುಗಳನ್ನು, ಬಿಡುಗಡೆಯಾಗದೆ ಉಳಿದ ಕೆಲಸಗಳನ್ನು ವಿಶ್ವವಿದ್ಯಾಲಯವೊಂದು ಕೂಡಿಡಬಹುದು. ಜಪಾನಿನ ಅಭಿಮಾನಿಗಳು ಹಡ್ಸನ್‌ಗಾಗಿ ಇದನ್ನು ಸ್ವಂತ ಉತ್ಸಾಹದಿಂದ ಮಾಡಿದ್ದಾರೆ.

ಕೊಂಡ್ಲಹಳ್ಳಿಯ ಕಡೆಯಿಂದ ಚಿತ್ರಕಲೆ ಇಷ್ಟಪಟ್ಟು ಈ ಕಸುಬಿಗೆ ಹೊರಡುವ ಹುಡುಗ ಹುಡುಗಿಯರಿಗೂ ಈ ಚರಿತ್ರೆಯಿಂದ ಒಂದು ಲೆಕ್ಕ ಸಿಗುತ್ತದೆ. ಮಜೂರಿ ಸ್ಟುಡಿಯೊ ಕೆಲಸ ಕಲಿಯಲು ಒಳ್ಳೆಯ ಜಾಗ. ಬಹುಶಃ ಅದಕ್ಕಿಂತ ಒಳ್ಳೆಯದು ಸದ್ಯ ನಮ್ಮಲ್ಲಿಲ್ಲ. ಸೇರುವ ಮುನ್ನ ಸಂಬಳದ ಜೊತೆಗೆ ಎರಡು ಮಾತು ಕೇಳಿಕೊಳ್ಳಲಿ: ಆಟದ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದೆಯೇ, ಕಂಪನಿಗೆ ಸ್ವಂತದ್ದು ಎಂದು ಏನಾದರೂ ಇದೆಯೇ. ಧ್ರುವದ ಕಾಲದಲ್ಲಿ ಈ ಪ್ರಶ್ನೆ ಕೇಳುವಷ್ಟು ಆಯ್ಕೆ ಯಾರಿಗೂ ಇರಲಿಲ್ಲ. ಆ ಸ್ಟುಡಿಯೊ ಕಸುಬು ಕಲಿಸಿ ಹೋದುದರಿಂದಲೇ ಇವತ್ತು ಕೇಳಬಹುದಾಗಿದೆ.